ಪೆನ್ಸಿಲಿನಲ್ಲಿ ಬರೆದ ಫರ್ಮ್‌ವೇರ್

ಅರವತ್ತೈದು ವರ್ಷದ ತ್ಯೋ ಗೈಕ್ ಸುವಾನ್ ಸುಳ್ಳು ಹೇಳುತ್ತಿದ್ದಾಳೆ ಎಂದು ಒಂದೇ ವರ್ಷದಲ್ಲಿ ಇಬ್ಬರು ಹೇಳಿದರು. ಒಬ್ಬ ಸಿಂಗಪುರದ ವಕೀಲ. ಇನ್ನೊಬ್ಬಳು ಸ್ಪೇನಿನ ಬಿಲ್ಬಾವೊ ಊರಿನಲ್ಲಿ ಕೂತು ಮುಕ್ತ ತಂತ್ರಾಂಶಗಳನ್ನು ಕಾಯುವ ಹೆಂಗಸು. ಇಬ್ಬರೂ ಒಬ್ಬರನ್ನೊಬ್ಬರು ಕಂಡವರಲ್ಲ, ಕಂಡಿದ್ದರೆ ಕಚ್ಚಾಡುತ್ತಿದ್ದರು. ಈ ಒಂದು ವಿಷಯದಲ್ಲಿ ಮಾತ್ರ ಅವರ ಮಾತು ಒಂದೇ ಆಗಿತ್ತು: ಇಷ್ಟು ದೊಡ್ಡ ಕೆಲಸವನ್ನು ಯಾರೂ ಪೆನ್ಸಿಲ್ ಹಿಡಿದು ಮಾಡಿರಲು ಸಾಧ್ಯವಿಲ್ಲ. ಸಾಧ್ಯವಿತ್ತು ಎಂದು ನನಗೆ ಗೊತ್ತಿತ್ತು. ಅವಳು ಬರೆಯುವಾಗ ನಾನು ಪಕ್ಕದಲ್ಲೇ ಕೂತಿದ್ದೆ.

ನನ್ನ ಹೆಸರು ರೋಸ್ನಾ. ನಮ್ಮ ದ್ವೀಪದ ಬಾಯಾನ್ ಲೆಪಾಸ್ ಊರಿನ ಮರ್ಬೊಕ್ ಇಲೆಕ್ಟ್ರಾನಿಕ್ ಕಾರ್ಖಾನೆಗೆ ನಾನು ಸೇರಿದಾಗ ಗೈಕ್ ಅಕ್ಕ ಅಲ್ಲಿ ಆಗಲೇ ಐದು ವರ್ಷದ ಹಳಬಳು. ನನ್ನ ಹಾಗೆಯೇ ಅವಳೂ ಶಾಲೆ ಮುಗಿಸಿ ನೇರ ಬಂದು, ಸೂಕ್ಷ್ಮದರ್ಶಕದ ಕೆಳಗೆ ಕೂದಲೆಳೆಯಂಥ ತಂತಿ ಬೆಸೆಯುವ ಸಾಲಿನಲ್ಲಿ ಕೂತವಳು. ಕೆಟ್ಟ ಚಿಪ್ಪನ್ನು ಇಂಜಿನಿಯರುಗಳಿಗಿಂತ ಮೊದಲು ಹಿಡಿಯುತ್ತಾಳೆ ಎಂಬ ಕಾರಣಕ್ಕೆ ಅವಳನ್ನು ಮೂರನೇ ಪ್ರಯೋಗಾಲಯಕ್ಕೆ ಕರೆದುಕೊಂಡರು. ಮುಂದೆ ತನಗೊಬ್ಬ ಸಹಾಯಕಿ ಬೇಕು ಎಂದಾಗ ಅವಳು ನನ್ನ ಹೆಸರು ಹೇಳಿದಳು. ಕಾರಣ ಕೇಳಿದ ಮೇಲಧಿಕಾರಿಗೆ, "ಅವಳು ಮಾತಾಡ್ತಾಳೆ ಸಾರ್, ಆದ್ರೆ ಎಣಿಸೋದು ಮಾತ್ರ ತಪ್ಪಲ್ಲ" ಎಂದಳಂತೆ.

ತೊಂಬತ್ತಾರರಲ್ಲಿ ಮರ್ಬೊಕ್ ತನ್ನದೇ ಒಂದು ಕಾರ್ಡ್ ಮಾಡಲು ಹೊರಟಿತು. ಎಂಟು ಬೇರೆ ಬೇರೆ ಯಂತ್ರಗಳ ಮಾತನ್ನು ಒಂದೇ ಕಂಪ್ಯೂಟರಿಗೆ ಒಯ್ಯುವ ಕಾರ್ಡ್ ಅದು. ಅದರ ಮೇಲಿದ್ದ ಚಿಪ್ಪಿನೊಳಗೆ ಐನೂರ ಹನ್ನೆರಡು ಮನೆಗಳು. ಒಂದೊಂದು ಮನೆಯಲ್ಲೂ ಒಂದೊಂದು ಆಜ್ಞೆ: ಇದನ್ನು ಓದು, ಅಲ್ಲಿಡು, ಇಷ್ಟು ಹೊತ್ತು ಕಾಯಿ, ಆ ಮನೆಗೆ ಹಾರು. ಈ ಆಜ್ಞೆಗಳ ಗಂಟಿಗೇ ಫರ್ಮ್‌ವೇರ್ ಎನ್ನುವುದು. ಕಂಪ್ಯೂಟರ್ ಹಚ್ಚಿದಾಗಲೆಲ್ಲ ಅದು ಈ ಗಂಟನ್ನು ಕಾರ್ಡಿಗೆ ತುಂಬಬೇಕು. ತುಂಬದಿದ್ದರೆ ಕಾರ್ಡ್ ಬರೀ ತಗಡು.

ಆಜ್ಞೆಗಳನ್ನು ಮನುಷ್ಯರ ಮಾತಿನಲ್ಲಿ ಬರೆದರೆ ತಾನೇ ಅಂಕಿಗಳಾಗಿ ಬದಲಿಸುವ ಒಂದು ಸಾಧನವನ್ನು ಅಮೆರಿಕದಿಂದ ಕಳಿಸುತ್ತೇವೆ ಎಂದಿದ್ದರು. ಏಳು ತಿಂಗಳಾದರೂ ಬರಲಿಲ್ಲ. ಇಂಜಿನಿಯರುಗಳು ಕಾಯುತ್ತಾ ಕೂತರು. ಗೈಕ್ ಅಕ್ಕ ಕಾಯಲಿಲ್ಲ. ಚಿಪ್ಪಿನ ನಕ್ಷೆ ಮುಂದಿಟ್ಟುಕೊಂಡು, ಚೌಕದ ಹಾಳೆಯಲ್ಲಿ ಒಂದೊಂದು ಚೌಕಕ್ಕೂ ಒಂದೊಂದು ಅಂಕಿಯನ್ನು ತಾನೇ ಲೆಕ್ಕ ಹಾಕಿ ಬರೆದಳು. ಒಂಬತ್ತು ದಾಟಿದ ಅಂಕಿಗಳಿಗೆ ಎ, ಬಿ, ಸಿ ಎಂಬ ಅಕ್ಷರಗಳು. ಅವಳು ಗಟ್ಟಿಯಾಗಿ ಓದುವಳು, ನಾನು ಯಂತ್ರಕ್ಕೆ ಒತ್ತುವೆ.

"ಮೂರು ಎಫ್. ಸೊನ್ನೆ ಎಂಟು. ಬಿ ಎರಡು."

"ಅಕ್ಕಾ, ನಿಲ್ಲು. ಈ ಹಾರೋ ಆಜ್ಞೆ ಎಲ್ಲಿಗೆ ಹಾರುತ್ತೆ? ಹೋದ ಹಾಳೇಲಿ ನೀನು ಆ ಮನೆ ಖಾಲಿ ಬಿಟ್ಟಿದ್ದೆ."

ಅವಳು ಹಾಳೆ ತಿರುವಿ ನೋಡಿ, ಪೆನ್ಸಿಲಿನಿಂದ ತಲೆ ಕೆರೆದುಕೊಂಡು, "ಹೌದಲ್ಲೇ! ನಿನಗ್ಯಾರು ಇದನ್ನ ಕಲಿಸಿದ್ದು?" ಎಂದಳು.

"ನೀನೇ. ದಿನಾ ಕಿರುಚ್ತೀಯಲ್ಲ ಕಿವೀಲಿ."

ಹನ್ನೊಂದು ವಾರದಲ್ಲಿ ಕಾರ್ಡ್ ಮಾತಾಡಿತು. ತೊಂಬತ್ತೆಂಟರಲ್ಲಿ ಅದನ್ನು ಪೆಟ್ಟಿಗೆಯಲ್ಲಿಟ್ಟು ಮಾರುವಾಗ, ವಿಶ್ವವಿದ್ಯಾಲಯಗಳವರೂ ಕೊಳ್ಳಲಿ ಎಂದು ಕಂಪನಿ ಅದನ್ನು ನಡೆಸುವ ತಂತ್ರಾಂಶವನ್ನು ಮುಕ್ತ ಪರವಾನಗಿಯಲ್ಲಿ ಬಿಟ್ಟಿತು. ಯಾರು ಬೇಕಾದರೂ ಬಳಸಿ, ತಿದ್ದಿ, ಹಂಚಿ. ಹಂಚುವಾಗ ಅದರ ಮೂಲ ಬರಹವನ್ನೂ ಜೊತೆಗೆ ಕೊಡಿ ಎನ್ನುವ ಪರವಾನಗಿ ಅದು. ಅಕ್ಕನ ಅಂಕಿಗಳೂ ಆ ಕಡತದೊಳಗೇ ಹೋದವು, ಮೇಲೆ ಒಂದು ಸಾಲು: ಮೂರನೇ ಪ್ರಯೋಗಾಲಯ, ಜಿ. ಎಸ್. ತ್ಯೋ. ಮೂರು ವರ್ಷದ ಮೇಲೆ ಮರ್ಬೊಕ್ ಮುಚ್ಚಿತು. ನಾನು ಮೊಮ್ಮಕ್ಕಳನ್ನು ನೋಡಿಕೊಳ್ಳುವ ವಯಸ್ಸಿಗೆ ಬಂದೆ. ಅಕ್ಕ ಜೆಲುತೋಂಗಿನಲ್ಲಿ ತಮ್ಮ ಬೂನ್ ಹ್ಯಾಪ್‌ನ ಫ್ಯಾನ್ ರಿಪೇರಿ ಅಂಗಡಿಯಲ್ಲಿ ಕೂತು, ಸುಟ್ಟ ಮೋಟರುಗಳಿಗೆ ಹೊಸ ತಂತಿ ಸುತ್ತತೊಡಗಿದಳು.

ಎರಡು ಸಾವಿರದ ಹದಿನೆಂಟರ ಫೆಬ್ರವರಿಯಲ್ಲಿ ಆ ಅಂಗಡಿಗೆ ಹಸ್ನುಲ್ ಎಂಬವನು ಬಂದ. ದ್ವೀಪದ ಆಚೆ, ಕೆದಾ ರಾಜ್ಯದ ಯಾನ್ ಕಡೆಯವನು. ಗದ್ದೆಗಳಿಗೆ ನೀರು ಬಿಡುವ ಕಾಲುವೆಯ ತೂಬುಗಳನ್ನು ನೋಡಿಕೊಳ್ಳುವ ತಂತ್ರಜ್ಞ, ನಲವತ್ತು ದಾಟಿದವನು. ಅಂದು ನಾನೂ ಅಲ್ಲೇ ಇದ್ದೆ. ಅವನು ಬೆನ್ನಚೀಲದಿಂದ ನಮ್ಮ ಕಾರ್ಡ್ ತೆಗೆದು ಮೇಜಿನ ಮೇಲಿಟ್ಟಾಗ ಅಕ್ಕನ ಕೈಯಲ್ಲಿದ್ದ ತಂತಿಯ ಉಂಡೆ ಜಾರಿತು.

"ಜಿ. ಎಸ್. ತ್ಯೋ ಅಂದ್ರೆ ನೀವೇನಾ? ಈ ದ್ವೀಪದಲ್ಲಿ ಎಷ್ಟು ಜನ ತ್ಯೋ ಇದ್ದಾರೋ ನಾ ಕಾಣೆ, ನೀವು ಹದಿನಾಲ್ಕನೆಯವರು" ಎಂದ.

ಅವನ ಕಡೆಯ ಹತ್ತೊಂಬತ್ತು ತೂಬಿನ ಮನೆಗಳಲ್ಲಿ ಇನ್ನೂ ನಮ್ಮ ಕಾರ್ಡುಗಳಿದ್ದವು; ನೀರಿನ ಮಟ್ಟ ಹೇಳುವ ಅಳತೆಗೋಲುಗಳೆಲ್ಲ ಅವುಗಳ ಮೂಲಕವೇ ಮಾತಾಡುತ್ತಿದ್ದವು. ಈಗ ಎರಡು ಕಡೆಯಿಂದ ಹೊಡೆತ ಬಿದ್ದಿತ್ತು. ಅವರು ಬಳಸುವ ಮುಕ್ತ ತಂತ್ರಾಂಶದ ಸಂಗ್ರಹದಿಂದ ಅಕ್ಕನ ಅಂಕಿಗಳನ್ನು ಕಿತ್ತುಹಾಕಿದ್ದರು. ಕಿತ್ತವಳು ಬಿಲ್ಬಾವೊದ ಇತ್ಸಿಯಾರ್. ಅವಳ ಪ್ರಕಾರ ಇದು ಯಂತ್ರ ಉಗುಳಿದ ಅಂಕಿಗಳ ರಾಶಿ. ಇದರ ಹಿಂದೆ ಯಾರೋ ಬರೆದ ಮೂಲ ಬರಹ ಇದ್ದೇ ಇರಬೇಕು. ಅದನ್ನು ಬಚ್ಚಿಟ್ಟು ಅಂಕಿ ಮಾತ್ರ ಹಂಚುವುದು ಪರವಾನಗಿಗೆ ವಿರುದ್ಧ. ಇದು ಬಯಲಾದದ್ದೇ ತಡ, ಮರ್ಬೊಕ್‌ನ ಹಳೆಯ ಹಕ್ಕುಗಳನ್ನು ಕೊಂಡಿದ್ದ ಸಿಂಗಪುರದ ಒಂದು ಕಂಪನಿ ಪತ್ರ ಬರೆಯಿತು. ಮೂಲ ಬರಹ ನಮ್ಮ ಬಳಿ ಇದೆ. ಅದನ್ನು ಕಂಪನಿ ಎಂದೂ ಹೊರಗೆ ಕೊಟ್ಟಿಲ್ಲ. ಹಾಗಾಗಿ ಅಂಕಿಗಳು ಮುಕ್ತವಲ್ಲ, ನಮ್ಮವು. ಪ್ರತಿ ಕಾರ್ಡಿಗೂ ವರ್ಷ ವರ್ಷ ಶುಲ್ಕ ಕಟ್ಟಿ.

"ಹೊಸ ಕಾರ್ಡ್ ತಗೊಳ್ಳಿ ಅಂದ್ರೆ ಮೇಲಿನವರು ಎರಡು ವರ್ಷ ಕಾಯಿ ಅಂತಾರೆ" ಎಂದ ಹಸ್ನುಲ್. "ಅಲ್ಲಿವರೆಗೆ ತೂಬು ತೂಬಿಗೂ ಮನುಷ್ಯರನ್ನ ಕೂರಿಸ್ಬೇಕು. ಆ ಮೂಲ ಬರಹ ನಿಮ್ಮತ್ರ ಇದ್ರೆ ಕೊಟ್ಬಿಡಿ ಅಕ್ಕಾ, ಎಲ್ಲಾ ಮುಗಿಯುತ್ತೆ."

"ಏನು ಕೊಡ್ಲಿ? ಇದೇ ಮೂಲ. ಇದರ ಹಿಂದೆ ಏನೂ ಇಲ್ಲ. ನಾನು ಬರೆದಿದ್ದೇ ಅಂಕಿ."

"ಐನೂರ ಹನ್ನೆರಡೂ?"

"ಐನೂರ ಮೂರು. ಕೊನೇ ಒಂಬತ್ತು ಖಾಲಿ."

ಹಸ್ನುಲ್ ನನ್ನ ಮುಖ ನೋಡಿದ. ನಾನು ಹೌದೆಂದು ತಲೆ ಆಡಿಸಿದೆ.

ಚೌಕದ ಹಾಳೆಗಳಿದ್ದಿದ್ದರೆ ವಿಷಯ ಅಂದೇ ಬಗೆಹರಿಯುತ್ತಿತ್ತು. ಆದರೆ ಹಿಂದಿನ ನವೆಂಬರಿನ ನೆರೆಯಲ್ಲಿ ಅಕ್ಕನ ಮನೆಯೊಳಗೆ ಸೊಂಟದವರೆಗೆ ನೀರು ನಿಂತಿತ್ತು. ಕಪಾಟಿನ ಕೆಳಗಿನ ಹಾಳೆಗಳು ಗಂಜಿಯಾಗಿ, ಅವಳೇ ಅವನ್ನು ಸಲಿಕೆಯಲ್ಲಿ ಬಾಚಿ ಹಾಕಿದ್ದಳು. ಆದರೂ ಅವಳು ಇತ್ಸಿಯಾರ್‌ಗೆ ಪತ್ರ ಬರೆಸಿದಳು. ಅವಳು ಹೇಳಿದ್ದನ್ನು ಹಸ್ನುಲ್ ಇಂಗ್ಲಿಷಿಗೆ ತಿರುಗಿಸಿದ. ಎರಡು ದಿನದಲ್ಲಿ ಉತ್ತರ ಬಂತು, ಮುಚ್ಚುಮರೆಯಿಲ್ಲದೆ: "ಇಂಥ ಮಾತನ್ನು ನನಗೆ ಎಷ್ಟೋ ಕಂಪನಿಗಳು ಹೇಳಿವೆ. ಎಲ್ಲವೂ ಸುಳ್ಳಾಗಿದ್ದವು. ಕೈಯಲ್ಲಿ ಬರೆದವರು ಕೈಯಲ್ಲೇ ತಿದ್ದಬಲ್ಲರು. ಅಂಕಿಗಳೇ ನಿಮ್ಮ ಮೂಲವಾದರೆ ಅಂಕಿಗಳಲ್ಲೇ ಒಂದು ತಿದ್ದುಪಡಿ ಮಾಡಿ, ಪ್ರತಿಯೊಂದು ಯಾಕೆಂದು ವಿವರಿಸಿ. ಆಗ ನಂಬುತ್ತೇನೆ."

ಬೂನ್ ಹ್ಯಾಪ್ ಓದಿ ಸಿಟ್ಟಾದ. "ಯಾವಳಿವಳು? ಬಿಸಾಕು ಅತ್ಲಾಗೆ. ನಿನಗೆ ಇದರಿಂದ ಏನು ಸಿಗುತ್ತೆ? ಮೂರು ಮೋಟರು ಕಾಯ್ತಾ ಇವೆ ಇಲ್ಲಿ."

"ಬೈದಿಲ್ಲ ಕಣೋ ಅವಳು. ಸರಿಯಾಗೇ ಕೇಳಿದ್ದಾಳೆ" ಎಂದಳು ಅಕ್ಕ. ಆಮೇಲೆ ಹಸ್ನುಲ್ ಕಡೆ ತಿರುಗಿ, "ಈ ಕಾರ್ಡಲ್ಲಿ ಏನಾದ್ರೂ ತೊಂದರೆ ಇದೆಯಾ? ಇಪ್ಪತ್ತು ವರ್ಷದಿಂದ ಇಟ್ಕೊಂಡಿದ್ದೀಯ, ಹೇಳು" ಎಂದು ಕೇಳಿದಳು.

ಅವನು ಮುಜುಗರಪಟ್ಟ. "ಇದೆ ಅಕ್ಕಾ. ಎಂಟೂ ಅಳತೆಗೋಲು ಒಟ್ಟಿಗೆ ಮಾತಾಡಿದ್ರೆ ಐದನೇದು ಮೂಕ ಆಗಿಬಿಡುತ್ತೆ. ಕಂಪ್ಯೂಟರ್ ಆರಿಸಿ ಹಚ್ಬೇಕು. ನಮ್ಮೋರು ಅದಕ್ಕೆ 'ಮುನಿಸಿಕೊಂಡ ಸೊಸೆ' ಅಂತ ಹೆಸರಿಟ್ಟಿದ್ದಾರೆ."

ಅಕ್ಕ ನಗಲಿಲ್ಲ. ಅವಳ ಮುಖ ಬಾಡಿತು. ತನ್ನ ಕೆಲಸದಲ್ಲಿ ಇಪ್ಪತ್ತು ವರ್ಷ ಒಂದು ತಪ್ಪು ನಿಂತೇ ಇತ್ತು, ಯಾರೋ ಗದ್ದೆಯ ನಡುವೆ ಅದರ ಜೊತೆ ಹೆಣಗುತ್ತಿದ್ದರು. ಬಿಲ್ಬಾವೊದ ಪತ್ರಕ್ಕಿಂತ ಇದು ಅವಳಿಗೆ ಹೆಚ್ಚು ಚುಚ್ಚಿತು. "ಅದನ್ನೇ ತಿದ್ತೀನಿ" ಎಂದಳು.

ಚಿಪ್ಪಿನ ನಕ್ಷೆ ಇರಲಿಲ್ಲ, ಆಜ್ಞೆಗಳ ಪಟ್ಟಿ ಇರಲಿಲ್ಲ. ಇದ್ದದ್ದು ಕಡತದಲ್ಲಿನ ಅಂಕಿಗಳು ಮತ್ತು ಅವಳ ನೆನಪು. ಹಸ್ನುಲ್ ಒಂದು ಹಳೆಯ ಕಂಪ್ಯೂಟರನ್ನೂ ಕಾರ್ಡನ್ನೂ ಅಂಗಡಿಯಲ್ಲಿ ಬಿಟ್ಟುಹೋದ. ಬೆಳಿಗ್ಗೆ ಏಳರಿಂದ ಹತ್ತರವರೆಗೆ ಅದು, ಆಮೇಲೆ ಫ್ಯಾನು: ಹೀಗೆಂದು ತಮ್ಮನ ಜೊತೆ ಒಪ್ಪಂದವಾಯಿತು. ನಾನು ದಿನಾ ಬಸ್ಸು ಹಿಡಿದು ಹೋದೆ. ಮೊದಲಿನ ಹಾಗೆ ಅವಳು ಓದುವಳು, ನಾನು ಒತ್ತುವೆ.

ಮೊದಲ ತಿಂಗಳು ಬರೀ ಸೋಲು. ಅವಳಿಗೆ ಹಾರುವ ಆಜ್ಞೆ ನೆನಪಿತ್ತು, ಓದುವ ಆಜ್ಞೆ ನೆನಪಿತ್ತು. ಕಾಯುವ ಆಜ್ಞೆ ಮರೆತೇ ಹೋಗಿತ್ತು. ಒಂದು ಅಂಕಿ ಬದಲಿಸಿ, ಕಾರ್ಡ್ ಏನು ಮಾಡುತ್ತದೆಂದು ನೋಡಿ, ಬರೆದಿಟ್ಟು, ಮತ್ತೆ ಮೊದಲಿನಂತೆ ಮಾಡಿ, ಮುಂದಿನ ಅಂಕಿಗೆ ಹೋಗುವುದು. ದಿನಕ್ಕೆ ನಾಲ್ಕೋ ಐದೋ ಮನೆ. ಕಣ್ಣಿಗೆ ಪೊರೆ ಬಂದಿತ್ತು, ಎಂಟನ್ನು ಬಿ ಎಂದು ಓದುತ್ತಿದ್ದಳು. ಬೂನ್ ಹ್ಯಾಪ್ ಬೈಯುತ್ತಲೇ ಮೇಜಿಗೆ ಒಂದು ಭೂತಗನ್ನಡಿ ಜೋಡಿಸಿಕೊಟ್ಟ.

ನನ್ನ ರಂಜಾನ್ ಉಪವಾಸದ ತಿಂಗಳು ಬಂತು. ನನ್ನೆದುರು ಅವಳು ಕಾಫಿ ಕುಡಿಯುವುದನ್ನು ಬಿಟ್ಟಳು. "ಕುಡಿಯೇ, ನನಗೇನೂ ಆಗಲ್ಲ" ಎಂದೆ.

"ನಿನಗಲ್ಲ. ವಾಸನೆ ಬಂದ್ರೆ ನೀನು ತಪ್ಪು ಒತ್ತುತ್ತೀಯ."

ಆ ವಾರವೇ ಕಾಯುವ ಆಜ್ಞೆ ಸಿಕ್ಕಿತು. ಮನೆಗಳ ನಡುವೆ ಇಪ್ಪತ್ತನಾಲ್ಕು ಅಂಕಿಗಳ ಒಂದು ಗುಂಪು ಏನು ಮಾಡಿದರೂ ಅರ್ಥ ಕೊಡುತ್ತಿರಲಿಲ್ಲ. ಅಕ್ಕ ಅದನ್ನೇ ದಿಟ್ಟಿಸುತ್ತಿದ್ದವಳು ಇದ್ದಕ್ಕಿದ್ದಂತೆ ಮೇಜು ಕುಟ್ಟಿದಳು. "ಥೂ ನನ್ನ! ಇವು ಆಜ್ಞೆಗಳೇ ಅಲ್ಲ ಕಣೇ. ಎಷ್ಟು ಹೊತ್ತು ಕಾಯ್ಬೇಕು ಅನ್ನೋ ಪಟ್ಟಿ. ಜಾಗ ಇಲ್ದೆ ಮಧ್ಯದಲ್ಲಿ ತುರುಕಿದ್ದೆ." ಅಲ್ಲಿಂದ ಕೆಲಸ ಓಡಿತು. ಐದನೆಯದರ ಸರದಿ ಬಂದಾಗ ಪಟ್ಟಿಯ ಸಾಲೊಂದನ್ನು ಅವಳು ಒಂದು ಮನೆ ಆಚೆಯಿಂದ ಓದಿಸಿದ್ದಳು, ಅಷ್ಟೇ ತಪ್ಪು. ಸರಿಪಡಿಸಲು ಹದಿಮೂರು ಮನೆ ಬೇಕು, ಖಾಲಿ ಇದ್ದದ್ದು ಒಂಬತ್ತು. ಎರಡು ಕಡೆ ಒಂದೇ ಕೆಲಸ ಮಾಡುತ್ತಿದ್ದ ಸಾಲುಗಳನ್ನು ಒಂದಾಗಿಸಿ ಉಳಿದ ನಾಲ್ಕು ಬಿಡಿಸಿಕೊಂಡಳು. ಜೂನ್ ಕೊನೆಗೆ ಎಂಟೂ ಅಳತೆಗೋಲುಗಳು ಮೂರು ದಿನ ಒಟ್ಟಿಗೆ ಮಾತಾಡಿದವು, ಐದನೆಯದು ನಿಲ್ಲಲಿಲ್ಲ. ಮನೆ ಮನೆಗೂ ವಿವರಣೆ ಬರೆದ ನಲವತ್ತು ಪುಟಗಳ ಜೊತೆ ಅಂಕಿಗಳನ್ನು ಬಿಲ್ಬಾವೊಗೆ ಕಳಿಸಿದೆವು.

ಇತ್ಸಿಯಾರ್‌ಳ ಗುಂಪಿಗೆ ಕಳಿಸಿದ್ದೆಲ್ಲ ಜಾಲದಲ್ಲಿ ಎಲ್ಲರಿಗೂ ಕಾಣುತ್ತದೆ; ಅಲ್ಲಿಂದ ಉತ್ತರ ಬರುವ ಮೊದಲೇ ಸಿಂಗಪುರದಿಂದ ಬಂತು. ನೀವು ಕಂಪನಿಯ ಗುಟ್ಟನ್ನು ಬಯಲು ಮಾಡಿದ್ದೀರಿ. ಮಾತುಕತೆಗೆ ಬನ್ನಿ, ಇಲ್ಲವೇ ಕೋರ್ಟಿಗೆ ಬನ್ನಿ.

ಬೂನ್ ಹ್ಯಾಪ್ ಹೆದರಿದ. ನಾನೂ ಹೆದರಿದೆ. ನನ್ನ ಸೊಸೆ, "ಅಮ್ಮಾ, ಇದರಲ್ಲಿ ನಿಮ್ಮ ಹೆಸರು ಬರದೇ ಇರ್ಲಿ" ಎಂದಳು. ಅಕ್ಕ ಮಾತ್ರ ಚೀನೀ ಹೊಸ ವರ್ಷಕ್ಕೆ ಹೊಲಿಸಿದ ಅಂಗಿಯನ್ನು ಇಸ್ತ್ರಿ ಮಾಡಿಸಿದಳು.

ಲೆಬುಹ್ ಪಂತಾಯಿ ಬೀದಿಯ ಒಂದು ಕಚೇರಿಯಲ್ಲಿ ಕೂತೆವು: ಅಕ್ಕ, ನಾನು, ಹಸ್ನುಲ್. ಎದುರಿಗೆ ವಕೀಲ ಡೆಸ್ಮಂಡ್ ಪಾಂಗ್ ಮತ್ತು ಅವರ ಒಬ್ಬ ಇಂಜಿನಿಯರ್. ವಕೀಲ ಒರಟನಲ್ಲ. ಚಹಾ ತರಿಸಿದ. ಆಮೇಲೆ ಒಂದು ಹಾಳೆ ಮುಂದಿಟ್ಟ. ಕಂಪನಿ ಕೊಟ್ಟ ಮೂಲ ಬರಹವನ್ನು ಬಳಸಿ ಈ ಅಂಕಿಗಳನ್ನು ಸಿದ್ಧಪಡಿಸಿದೆ ಎಂದು ಸಹಿ ಹಾಕಿದರೆ ಅವಳ ಮೇಲೆ ಯಾವ ಕ್ರಮವೂ ಇಲ್ಲ.

"ಹಸ್ನುಲ್, ಪೆಟ್ಟಿಗೆ ತೆಗಿ" ಎಂದಳು ಅಕ್ಕ.

ಯಾನ್‌ನ ಉಗ್ರಾಣದಲ್ಲಿ ಸೀಲು ಒಡೆಯದೆ ಉಳಿದಿದ್ದ ಒಂದು ಕಾರ್ಡಿನ ಪೆಟ್ಟಿಗೆ ಅದು. ವಕೀಲನ ಎದುರೇ ಒಡೆದೆವು. ಒಳಗೆ ಕಾರ್ಡು, ಫ್ಲಾಪಿ, ಮುಕ್ತ ಪರವಾನಗಿ ಅಚ್ಚಾದ ಹಾಳೆ.

ವಕೀಲ ಓದಿ ತಲೆದೂಗಿದ. "ಇದು ತಂತ್ರಾಂಶಕ್ಕೆ ಸರಿ ಮೇಡಂ. ಆದ್ರೆ ಈ ಪರವಾನಗೀಲಿ ಕೊಡೋದಾದ್ರೆ ಮೂಲ ಬರಹನೂ ಕೊಡ್ಬೇಕು. ಮರ್ಬೊಕ್ ಅದನ್ನ ಕೊಟ್ಟಿಲ್ಲ. ಅಂದ್ಮೇಲೆ ಅಂಕಿಗಳನ್ನ ಈ ಪರವಾನಗೀಲಿ ಕೊಡೋ ಉದ್ದೇಶನೇ ಅವರಿಗಿರಲಿಲ್ಲ."

"ಅಂಕಿಗಳೇ ಮೂಲ ಆಗಿದ್ರೆ?"

"ಆಗ ಕೊಟ್ಟ ಹಾಗೇ. ಆದ್ರೆ ಅವು ಮೂಲ ಅಲ್ಲ. ಮೂಲ ನಮ್ಮತ್ರ ಇದೆಯಲ್ಲ."

"ತೋರಿಸಿ."

"ಅದು ವ್ಯವಹಾರದ ಗುಟ್ಟು—"

"ಅದನ್ನೇ ಬಳಸಿದೆ ಅಂತ ನನ್ನ ಸಹಿ ಕೇಳ್ತಿದ್ದೀರಿ. ಓದದೆ ಹೇಗೆ ಹಾಕ್ಲಿ? ನಮ್ಮಪ್ಪ ಮೀನು ಮಾರ್ತಿದ್ದ, ಕಿವಿರು ಎತ್ತಿ ನೋಡ್ದೆ ಒಂದು ಮೀನೂ ತಗೋಬೇಡ ಅಂತ ಕಲಿಸಿದ್ದಾನೆ."

ವಕೀಲ ಇಂಜಿನಿಯರ್ ಕಡೆ ನೋಡಿದ. ಇಂಜಿನಿಯರ್ ಹತ್ತೆಂಟು ಹಾಳೆಗಳನ್ನು ಮುಂದೆ ಸರಿಸಿದ. ಅಕ್ಕ ಚೀಲದಿಂದ ಅಂಗಡಿಯ ಭೂತಗನ್ನಡಿ ತೆಗೆದು, ಬೆರಳಿಟ್ಟು ಸಾಲು ಸಾಲೇ ಓದತೊಡಗಿದಳು. ಹದಿನೈದು ನಿಮಿಷವಾದ ಮೇಲೆ ನಾಲ್ಕನೇ ಹಾಳೆಯಲ್ಲಿ ಬೆರಳು ನಿಂತಿತು.

"ಇಲ್ಲಿ ಏನು ಬರೆದಿದೆ, ಓದಪ್ಪ" ಎಂದು ಇಂಜಿನಿಯರಿಗೆ ಹೇಳಿದಳು.

"ಏಳುನೂರ ನಾಲ್ಕನೇ ಮನೆಗೆ ಹಾರು."

"ಚಿಪ್ಪಲ್ಲಿ ಎಷ್ಟು ಮನೆ ಇದೆ?"

ಅವನು ಹಾಳೆಯನ್ನು ತನ್ನ ಕಡೆಗೆ ಎಳೆದುಕೊಂಡ. ವಕೀಲ ಕೇಳಿದ, "ಎಷ್ಟಿದೆ?"

"ಐನೂರ ಹನ್ನೆರಡು" ಎಂದ ಇಂಜಿನಿಯರ್, ಮೇಜು ನೋಡುತ್ತಾ.

"ಇಲ್ದಿರೋ ಮನೆಗೆ ಹಾರು ಅಂತ ಯಾವ ಮನುಷ್ಯನೂ ಬರೆಯಲ್ಲ" ಎಂದಳು ಅಕ್ಕ. ದನಿ ಏರಿಸಲಿಲ್ಲ. "ಈ ಇಪ್ಪತ್ತನಾಲ್ಕು ಅಂಕಿ ಆಜ್ಞೆಗಳಲ್ಲ, ಕಾಯೋ ಹೊತ್ತಿನ ಪಟ್ಟಿ. ಅದು ಗೊತ್ತಿಲ್ದೆ ಯಾವ್ದೋ ಯಂತ್ರ ನನ್ನ ಅಂಕಿಗಳನ್ನ ಹಿಂದುಮುಂದಾಗಿ ಬಿಡಿಸಿ ಮಾತು ಮಾಡಿದೆ. ಇದು ನನ್ನ ಅಂಕಿಗಳಿಂದ ಹುಟ್ಟಿದ್ದು, ನನ್ನ ಅಂಕಿ ಇದರಿಂದ ಹುಟ್ಟಿದ್ದಲ್ಲ. ಯಾವಾಗ ಮಾಡಿದ್ರಿ? ಹೋದ ವರ್ಷನಾ?"

ಇಂಜಿನಿಯರ್ ಪೆನ್ನಿಗೆ ಮುಚ್ಚಳ ಹಾಕಿದ. ಅವನ ಕಿವಿ ಕೆಂಪಾಗಿದ್ದನ್ನು ನಾನು ಕಂಡೆ. ಪಾಪ, ಹೇಳಿದ ಕೆಲಸ ಮಾಡಿದವನು. ಡೆಸ್ಮಂಡ್ ಪಾಂಗ್ ಹಾಳೆಗಳನ್ನು ನಿಧಾನಕ್ಕೆ ಒಟ್ಟು ಮಾಡಿದ. ಸಹಿಗೆಂದು ತಂದಿದ್ದನ್ನೂ ಅದರ ಜೊತೆಗೇ ಸೇರಿಸಿದ. "ನನ್ನ ಕಕ್ಷಿದಾರರ ಜೊತೆ ಮಾತಾಡ್ತೀನಿ" ಎಂದ. ಬಾಗಿಲವರೆಗೆ ಬಂದು ನಮ್ಮನ್ನು ಕಳಿಸಿಕೊಟ್ಟ.

ಮತ್ತೆ ಅವರಿಂದ ಪತ್ರ ಬರಲಿಲ್ಲ. ತಪ್ಪಾಯಿತೆಂದೂ ಇಲ್ಲ, ಬಿಟ್ಟೆವೆಂದೂ ಇಲ್ಲ. ಶುಲ್ಕದ ಬೇಡಿಕೆ ಹಾಗೇ ತಣ್ಣಗಾಯಿತು. ಹಸ್ನುಲ್ ಒಂದು ವರ್ಷ ಅಂಚೆಯವನನ್ನು ಕಂಡರೆ ಬೆಚ್ಚುತ್ತಿದ್ದ.

ಇತ್ಸಿಯಾರ್ ಆರು ವಾರ ತೆಗೆದುಕೊಂಡಳು. ನಲವತ್ತು ಪುಟಗಳನ್ನೂ ಕೂತು ಪರೀಕ್ಷಿಸಿದ್ದಳು. ಮೂವತ್ತೊಂದನೇ ಪುಟದಲ್ಲಿ ಅಕ್ಕನ ವಿವರಣೆಯ ಒಂದು ತಪ್ಪನ್ನೂ ಹಿಡಿದಿದ್ದಳು. "ನಾನು ನಿಮ್ಮನ್ನು ನಂಬಲಿಲ್ಲ. ನನ್ನದು ತಪ್ಪು" ಎಂದು ಬರೆದಳು. ಅವರ ಗುಂಪಿನಲ್ಲಿ ಇಬ್ಬರು ಕೊನೆಯವರೆಗೂ ಒಪ್ಪಲಿಲ್ಲ. ಉಳಿದವರು ಒಪ್ಪಿದರು. ಅಂಕಿಗಳು ಸಂಗ್ರಹಕ್ಕೆ ಮರಳಿದವು, ಮೂಲ ಬರಹ ಎಂಬ ಹೆಸರಿನಲ್ಲೇ.

ಆಮೇಲೆ ಅಕ್ಕ ಇನ್ನೊಂದು ಜಗಳ ತೆಗೆದಳು. ಕಡತದ ಮೇಲೆ ಬರೆದವರ ಹೆಸರು ಹಾಕುವಾಗ ಎರಡು ಹೆಸರು ಬೇಕು ಎಂದಳು. ಒತ್ತಿದವರು ಬರೆದವರಾಗುವುದಿಲ್ಲ ಎಂದು ಗುಂಪಿನವರು ವಿವರಿಸಿದರು. ಅಕ್ಕ ಎಂಟು ಪತ್ರ ಬರೆಸಿದಳು.

"ಬಿಡೇ ಅಕ್ಕಾ, ನನಗ್ಯಾಕೆ" ಎಂದೆ. ನಾಚಿಕೆಯಾಗುತ್ತಿತ್ತು.

"ಸುಮ್ನಿರು ನೀನು. ಎಷ್ಟು ಹಾರೋ ಆಜ್ಞೆ ಸರಿ ಮಾಡಿದ್ದೀಯ ಅಂತ ಅವರಿಗೇನು ಗೊತ್ತು? ನನಗೆ ಗೊತ್ತು. ಹದಿನೇಳು."

ಎಣಿಸಿಟ್ಟಿದ್ದಾಳೆಂದು ನನಗೆ ಅಲ್ಲಿಯವರೆಗೂ ಗೊತ್ತಿರಲಿಲ್ಲ. ಒಂಬತ್ತನೇ ಪತ್ರಕ್ಕೆ ಮೊದಲೇ ಅವರು ಸೋತರು. ಈಗ ಆ ಕಡತ ತೆರೆದರೆ ಮೊದಲ ಸಾಲಿನಲ್ಲಿ ತ್ಯೋ ಗೈಕ್ ಸುವಾನ್, ಎರಡನೇ ಸಾಲಿನಲ್ಲಿ ರೋಸ್ನಾ ಬಿಂತಿ ಜಕಾರಿಯಾ. ನನ್ನ ಸೊಸೆ ಅದನ್ನು ಅಚ್ಚು ತೆಗೆಸಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದಾಳೆ.

ಅಕ್ಕ ಕಣ್ಣಿನ ಪೊರೆ ತೆಗೆಸಿಕೊಂಡಳು. ಬೆಳಿಗ್ಗೆ ಏಳರಿಂದ ಹತ್ತು ಮಾತ್ರ ಬಿಟ್ಟುಕೊಡಲಿಲ್ಲ. ಮುಚ್ಚಿಹೋದ ಇನ್ಯಾವುದೋ ಕಂಪನಿಯ, ಬರೆದವರು ಯಾರೆಂದೇ ತಿಳಿಯದ ಒಂದು ಅಂಕಿಗಳ ಕಡತವನ್ನು ಇತ್ಸಿಯಾರ್ ಕಳಿಸಿಕೊಟ್ಟಿದ್ದಾಳೆ: ಇದು ಕೈಬರಹವೋ ಯಂತ್ರದ್ದೋ, ನಿಮಗೆ ಗೊತ್ತಾಗುತ್ತದೆಯೇ ಎಂದು. ನಾಲ್ಕು ಸಾವಿರ ಮನೆಗಳ ಚಿಪ್ಪು. ನಾವು ನೂರ ಎಂಬತ್ತನೆಯದರಲ್ಲಿದ್ದೇವೆ. ನಿನ್ನೆ ಅಕ್ಕ ಪೆನ್ಸಿಲ್ ಕಿವಿಗೆ ಸಿಕ್ಕಿಸಿಕೊಂಡು, "ಇದನ್ನ ಬರೆದವನು ಎಡಗೈಯವನು ಇರ್ಬೇಕು ಕಣೇ" ಎಂದಳು. ಅಂಕಿ ನೋಡಿ ಅದು ಹೇಗೆ ಗೊತ್ತಾಗುತ್ತದೆ ಎಂದು ಕೇಳಿದ್ದಕ್ಕೆ, "ಗೊತ್ತಾಗಲ್ಲ, ತಮಾಷೆ ಮಾಡಿದೆ. ಒತ್ತು, ಒಂಬತ್ತು ಸಿ" ಎಂದಳು.